ಅಲಬಾಮದ ಎರೆ ನೆಲದಲ್ಲಿ ಐದು ದಿನ

ಮೂವತ್ತೆರಡು ವರ್ಷ ನಾನು ನವಲಗುಂದ ಸೀಮೆಯ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಅಮೆರಿಕದ ಗುಲಾಮಗಿರಿ ನಮ್ಮ ಪಾಠದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಉತ್ತರದ ರಾಜ್ಯಗಳಿಗೆ ಬೇಡವಾಗಿತ್ತು, ದಕ್ಷಿಣದವರಿಗೆ ಬೇಕಾಗಿತ್ತು, ಯುದ್ಧವಾಯಿತು, ಲಿಂಕನ್ ಬಿಡುಗಡೆ ಮಾಡಿದ. ಒಂದು ವರ್ಷ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು, "ದಕ್ಷಿಣದವ್ರಿಗೆ ಯಾಕ ಬೇಕಾಗಿತ್ರಿ ಟೀಚರ್?" ಎಂದು ಕೇಳಿದಳು. "ಅಲ್ಲಿ ಹತ್ತಿ ಬೆಳೀತಿದ್ರು, ಅದಕ್ಕ" ಅಂದೆ. "ನಾವೂ ಹತ್ತಿ ಬೆಳೀತೀವಲ್ರಿ?" ಅಂದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು.

ಅಕ್ಟೋಬರಿನಲ್ಲಿ ಅಟ್ಲಾಂಟಾದ ಮಗನ ಮನೆಯಲ್ಲಿದ್ದಾಗ ಅವನಿಗೆ ಐದು ದಿನ ಬಿಡುವು ಸಿಕ್ಕಿತು. ಎಲ್ಲಿಗೆ ಹೋಗೋಣ ಎಂದು ಕೇಳಿದ. ಚಾರ್ಲ್‌ಸ್ಟನ್ ನೋಡಿಕೊಂಡು ಅಲಬಾಮಕ್ಕೆ ಹೋಗೋಣ ಅಂದೆ. "ಅಲಬಾಮದಾಗ ಏನೈತಿ ಅವ್ವಾ?" "ಹತ್ತಿ ಹೊಲ." ಅವನು ಮುಂದೆ ಕೇಳಲಿಲ್ಲ. ಸೊಸೆ ಕೂಸಿನ ಸಲುವಾಗಿ ಮನೆಯಲ್ಲೇ ಉಳಿದಳು. ದಾರಿಗೆಂದು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಮೊದಲ ದಿನ: ಚಾರ್ಲ್‌ಸ್ಟನ್

ನಸುಕಿನಲ್ಲಿ ಬಿಟ್ಟವರು ಐದು ತಾಸಿಗೆ ಸಮುದ್ರದ ದಂಡೆಗೆ ಬಂದೆವು. ದಕ್ಷಿಣ ಕೆರೊಲೈನಾದ ಈ ಊರು ನೋಡಲು ಬಲು ಚೆಂದ. ತಿಳಿ ಬಣ್ಣದ ಮನೆಗಳು, ಉದ್ದನೆ ಪಡಸಾಲೆಗಳು, ಓಕ್ ಮರಗಳಿಂದ ಜಡೆಯಂತೆ ಇಳಿಬಿದ್ದ ಬೂದು ಪಾಚಿ. ಉತ್ತರ ಅಮೆರಿಕಕ್ಕೆ ಹಡಗಿನಲ್ಲಿ ಹೇರಿ ತಂದ ಆಫ್ರಿಕನ್ನರಲ್ಲಿ ಐವರಿಗೆ ಇಬ್ಬರಾದರೂ ಕಾಲಿಟ್ಟದ್ದು ಇದೇ ಬಂದರಿನಲ್ಲಿ. ಅವರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡನ್ ಕಟ್ಟೆಯ ಜಾಗದಲ್ಲಿ 2023ರಲ್ಲಿ ಒಂದು ದೊಡ್ಡ ಮ್ಯೂಸಿಯಂ ತೆರೆದಿದ್ದಾರೆ.

ಮ್ಯೂಸಿಯಂಗಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಇಟ್ಟಿಗೆ. ಊರು ತೋರಿಸುತ್ತಿದ್ದ ವಯಸ್ಸಾದ ಕಪ್ಪು ಹೆಣ್ಣುಮಗಳು ಹಳೆಯ ಗೋಡೆಯೊಂದರ ಮುಂದೆ ನಿಂತು, "ಇಲ್ಲಿ ಬೆರಳಿಡಿ" ಎಂದರು. ಮೊಣಕಾಲೆತ್ತರದ ಒಂದು ಇಟ್ಟಿಗೆಯಲ್ಲಿ ಮೂರು ಕುಳಿ ಇದ್ದವು. ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಹೊರಳಿಸಿ ಇಡುವ ಕೆಲಸ ಗುಲಾಮರ ಮಕ್ಕಳದಾಗಿತ್ತಂತೆ. ನನ್ನ ಹೆಬ್ಬೆರಳು ಆ ಕುಳಿಯೊಳಗೆ ಹೋಗಲಿಲ್ಲ, ನಡುಬೆರಳೂ ಹೋಗಲಿಲ್ಲ. ಕಿರುಬೆರಳು ಸರಿಯಾಗಿ ಕೂತಿತು. ಆರೇಳು ವರ್ಷದ ಕೂಸಿನ ಕೈ ಇರಬೇಕು.

ಈ ಊರಿನ ಸಿರಿತನ ಮೊದಲು ಬಂದದ್ದು ಭತ್ತದಿಂದ. ಪಶ್ಚಿಮ ಆಫ್ರಿಕದ ಭತ್ತದ ಸೀಮೆಯ ಜನರಿಗೆ ಬದು ಕಟ್ಟುವುದು, ಉಬ್ಬರದ ನೀರನ್ನು ಲೆಕ್ಕ ಹಾಕಿ ಗದ್ದೆಗೆ ಬಿಡುವುದು, ಒರಳಿನಲ್ಲಿ ಕುಟ್ಟುವುದು, ಮೊರದಲ್ಲಿ ಕೇರುವುದು ಎಲ್ಲ ಗೊತ್ತಿತ್ತು. ಹಾಗಾಗಿ ಅಲ್ಲಿಯವರಿಗೆ ಇಲ್ಲಿ ಹೆಚ್ಚು ಬೆಲೆ. ವಿದ್ಯೆ ಅವರದು, ಬೆಳೆ ಇನ್ನೊಬ್ಬರದು. ಪೇಟೆಯಲ್ಲಿ ಇವತ್ತಿಗೂ ಅವರ ಮೊಮ್ಮಕ್ಕಳ ಮಕ್ಕಳು ಹುಲ್ಲಿನ ಬುಟ್ಟಿ ಹೆಣೆದು ಮಾರುತ್ತಾರೆ. ಅದರಲ್ಲಿ ಅಗಲ ತಟ್ಟೆಯಂಥದೊಂದು ಭತ್ತ ಕೇರುವ ಮೊರ. ಕೈಯಲ್ಲಿ ಹಿಡಿದು ಒಂದು ಸಲ ಕೇರಿದ ಹಾಗೆ ಮಾಡಿದೆ. ಮಾರುವಾಕೆ ನನ್ನ ಕೈಯನ್ನೇ ನೋಡಿ ತಲೆಯಾಡಿಸಿದಳು.

1740ರಲ್ಲಿ ಇಲ್ಲಿ ಒಂದು ಕಾಯ್ದೆ ಬಂತು. ಅದರ ಹಿಂದಿನ ವರ್ಷ ಸ್ಟೋನೋ ಹೊಳೆಯ ಹತ್ತಿರ ಗುಲಾಮರು ದಂಗೆ ಎದ್ದಿದ್ದರು. ಗುಲಾಮರಿಗೆ ಬರೆಯಲು ಕಲಿಸಿದವರಿಗೆ ದಂಡ ಎನ್ನುತ್ತದೆ ಆ ಕಾಯ್ದೆ. ಅಕ್ಷರ ಕಲಿಸಿಯೇ ಹೊಟ್ಟೆ ಹೊರೆದವಳು ನಾನು, ಆ ಮಾತನ್ನು ಓದಿ ಬಹಳ ಹೊತ್ತು ಅಲ್ಲೇ ಕೂತೆ.

ಇನ್ನೊಂದು ಸಂಗತಿ ನನಗೆ ಪಾಠ ಹೇಳುವಾಗ ಗೊತ್ತಿರಲಿಲ್ಲ. ಗುಲಾಮಗಿರಿ ಕೆಟ್ಟದ್ದು, ಆದರೆ ಬಿಡುವುದು ಹೇಗೆ ಎಂದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಎಷ್ಟೋ ಒಡೆಯರೇ ಹೇಳುತ್ತಿದ್ದರು. 1793ರಲ್ಲಿ ಈಲೈ ವಿಟ್ನಿ ಹತ್ತಿ ಬಿಡಿಸುವ ಜಿನ್ ಮಾಡಿದ. ಅರಳೆಗೆ ಅಂಟಿಕೊಂಡ ಕಾಳನ್ನು ಕೈಯಿಂದ ಬಿಡಿಸುವ ಕಷ್ಟ ತಪ್ಪಿದ್ದೇ ತಡ, ಹತ್ತಿ ಒಳನಾಡಿಗೆಲ್ಲ ಹಬ್ಬಿತು, ಆಳಿನ ಬೆಲೆ ಏರಿತು. 1837ರಲ್ಲಿ ಇದೇ ರಾಜ್ಯದ ಸೆನೆಟರ್ ಜಾನ್ ಕ್ಯಾಲ್ಹೂನ್ ಎದ್ದು ನಿಂತು ಗುಲಾಮಗಿರಿ ಒಳ್ಳೆಯದೇ, ಇಬ್ಬರಿಗೂ ಒಳ್ಳೆಯದು ಎಂದು ವಾದಿಸಿದ. ಮೊದಲು ಲಾಭ ಬಂತು, ಅದಕ್ಕೆ ತಕ್ಕ ನಂಬಿಕೆ ಆಮೇಲೆ ಬಂತು. ಅವನ ಮೂರ್ತಿ ಊರ ನಡುವೆ ಎತ್ತರದ ಕಂಬದ ಮೇಲಿತ್ತು, 2020ರಲ್ಲಿ ಇಳಿಸಿದರು. ಅದೇ ಬೀದಿಗೆ ಇಮ್ಯಾನ್ಯುಯೆಲ್ ಚರ್ಚ್ ಇದೆ. 1822ರಲ್ಲಿ ದಂಗೆಗೆ ಸಿದ್ಧತೆ ಮಾಡಿದನೆಂದು ನೇಣಿಗೇರಿಸಿದ ಬಡಗಿ ಡೆನ್ಮಾರ್ಕ್ ವೀಸಿ ಈ ಸಭೆಗೆ ಸೇರಿದವನು. 2015ರ ಜೂನ್ 17ರ ರಾತ್ರಿ ಬೈಬಲ್ ಓದುತ್ತ ಕೂತಿದ್ದ ಒಂಬತ್ತು ಜನರನ್ನು ಒಬ್ಬ ಬಿಳಿಯ ಯುವಕ ಗುಂಡಿಟ್ಟು ಕೊಂದದ್ದೂ ಇಲ್ಲಿಯೇ. ಬಂದವನನ್ನು ಅವರು ತಮ್ಮ ಜೊತೆ ಕೂರಿಸಿಕೊಂಡಿದ್ದರು.

ಎರಡನೆಯ ದಿನ: ಅಟ್ಲಾಂಟಾ

ಬಂದ ದಾರಿಯಲ್ಲೇ ಮರಳಿದೆವು. ಅಟ್ಲಾಂಟಾ ಹತ್ತಿರವಾಗುತ್ತಿದ್ದಂತೆ ಸ್ಟೋನ್ ಮೌಂಟನ್ ಕಾಣಿಸಿತು, ಬೋಳು ಬೆನ್ನಿನ ಏಕಶಿಲೆಯ ಗುಡ್ಡ. ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾಗಿ ಯುದ್ಧಕ್ಕಿಳಿದ ದಕ್ಷಿಣದ ರಾಜ್ಯಗಳ ಒಕ್ಕೂಟದ ಮೂವರು ನಾಯಕರನ್ನು ಕುದುರೆಯ ಮೇಲೆ ಕೂರಿಸಿ ಅದರಲ್ಲಿ ಕೆತ್ತಿದ್ದಾರೆ. ಯುದ್ಧ ಮುಗಿದ ಹೊಸದರಲ್ಲಿ ಕೆತ್ತಿದ್ದಿರಬೇಕು ಅಂದುಕೊಂಡಿದ್ದೆ. ಅಲ್ಲ. ನಿಂತುಹೋಗಿದ್ದ ಕೆಲಸವನ್ನು ಮತ್ತೆ ಎತ್ತಿಕೊಂಡದ್ದು 1964ರಲ್ಲಿ, ನಾಗರಿಕ ಹಕ್ಕುಗಳ ಕಾಯ್ದೆ ಬಂದ ವರ್ಷವೇ. ಮುಗಿದದ್ದು 1972ರಲ್ಲಿ. ಬಿಳಿಯರ ಮೇಲ್ಮೆಯ ಹೆಸರಿನಲ್ಲಿ ಕಪ್ಪು ಜನರನ್ನು ಬೆದರಿಸಿ ಕೊಲ್ಲುತ್ತಿದ್ದ ಗುಪ್ತ ಕೂಟ ಕೂ ಕ್ಲಕ್ಸ್ ಕ್ಲ್ಯಾನ್ 1915ರಲ್ಲಿ ಎರಡನೆಯ ಸಲ ಹುಟ್ಟಿದ್ದು ಇದೇ ಗುಡ್ಡದ ನೆತ್ತಿಯಲ್ಲಿ.

ಆಬರ್ನ್ ಅವೆನ್ಯೂದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆಯನ್ನು ಹೊರಗಿನಿಂದಲೇ ನೋಡಿದೆವು. ಹತ್ತಿರದಲ್ಲೇ ನಮ್ಮ ಗಾಂಧಿ ಕೋಲು ಹಿಡಿದು ನಡೆಯುವ ಮೂರ್ತಿಯಿದೆ, ಭಾರತ ಸರಕಾರ ಕೊಟ್ಟದ್ದು. ಮಗ ಫೋಟೊ ತೆಗೆದ. ಆದರೆ ನನಗೆ ನೆನಪಾದದ್ದು ಬೇರೆ. 1959ರಲ್ಲಿ ಕಿಂಗ್ ಭಾರತಕ್ಕೆ ಬಂದಾಗ ತಿರುವನಂತಪುರದ ಒಂದು ಶಾಲೆಗೆ ಹೋಗಿದ್ದರು. ಅಲ್ಲಿ ಓದುತ್ತಿದ್ದವರು ಹೆಚ್ಚಾಗಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು. ಮುಖ್ಯ ಗುರುಗಳು ಅವರನ್ನು ಅಮೆರಿಕದಿಂದ ಬಂದ ನಮ್ಮಂತೆಯೇ ಒಬ್ಬ ಅಸ್ಪೃಶ್ಯರು ಎಂದು ಮಕ್ಕಳಿಗೆ ಪರಿಚಯಿಸಿದರು. ಆ ಮಾತು ಕಿಂಗ್ ಅವರಿಗೆ ಮೊದಲು ಚುಚ್ಚಿತು. ಸ್ವಲ್ಪ ಹೊತ್ತು ಯೋಚಿಸಿ, ಹೌದು, ನಾನು ಅಸ್ಪೃಶ್ಯನೇ, ನನ್ನ ದೇಶದ ಪ್ರತಿಯೊಬ್ಬ ಕಪ್ಪು ಮನುಷ್ಯನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡರು. 1965ರಲ್ಲಿ ಇದೇ ಬೀದಿಯ ಎಬನೇಜರ್ ಚರ್ಚಿನಲ್ಲಿ ನಿಂತು ಅದನ್ನು ಹೇಳಿಕೊಂಡರು. ಆ ರಾತ್ರಿ ಮಗನ ಮನೆಯಲ್ಲೇ ಮಲಗಿದೆವು.

ಮೂರನೆಯ ದಿನ: ಮಾಂಟ್ಗೊಮರಿ

ಅಲಬಾಮದ ರಾಜಧಾನಿ ನಮ್ಮ ಗದಗಿನಷ್ಟೇ ಸುಲಭಕ್ಕೆ ನಡೆದು ಮುಗಿಸಬಹುದಾದ ಪೇಟೆ. ನಡುವೆ ಒಂದು ಕಾರಂಜಿ, ಅದರ ಸುತ್ತ ಕೋರ್ಟ್ ಸ್ಕ್ವೇರ್. ಒಂದು ಕಡೆ ಹೊಳೆಗೆ ಇಳಿಯುವ ಕಾಮರ್ಸ್ ಬೀದಿ, ಇನ್ನೊಂದು ಕಡೆ ದಿಬ್ಬದ ಮೇಲಿನ ಬಿಳಿ ಶಾಸನಭವನಕ್ಕೆ ಏರುವ ಡೆಕ್ಸ್ಟರ್ ಅವೆನ್ಯೂ. ಆಫ್ರಿಕದಿಂದ ಜನರನ್ನು ತರುವುದು 1808ರಿಂದ ಕಾಯ್ದೆಯ ಪ್ರಕಾರ ನಿಂತಿತು. ಆಗ ವರ್ಜಿನಿಯ, ಮೇರಿಲ್ಯಾಂಡ್ ಕಡೆಯ ಸವೆದ ತಂಬಾಕಿನ ಹೊಲಗಳಿಂದ ಹತ್ತಿ ಸೀಮೆಗೆ ಮಾರಾಟ ಶುರುವಾಯಿತು. ಯುದ್ಧ ಬರುವ ಹೊತ್ತಿಗೆ ಹೀಗೆ ಸಾಗಿಸಲ್ಪಟ್ಟವರು ಸುಮಾರು 10 ಲಕ್ಷ. ಸ್ಟೀಮರಿನಲ್ಲಿ, ರೈಲಿನಲ್ಲಿ ಬಂದವರನ್ನು ಕಾಮರ್ಸ್ ಬೀದಿಯಲ್ಲಿ ಏರಿಸಿ ಈ ಕಾರಂಜಿಯ ಜಾಗದಲ್ಲಿ ಹರಾಜು ಹಾಕುತ್ತಿದ್ದರು. ಗಂಡ ಒಂದು ಊರಿಗೆ, ಹೆಂಡತಿ ಇನ್ನೊಂದು ಊರಿಗೆ, ಕೂಸು ಮತ್ತೊಂದು ಕಡೆಗೆ.

ಬೆಳಗಿನಿಂದ ಮಧ್ಯಾಹ್ನದವರೆಗೆ ಲೆಗಸಿ ಮ್ಯೂಸಿಯಂನಲ್ಲಿದ್ದೆವು. ಒಳಗೆ ಫೋಟೊ ತೆಗೆಯುವಂತಿಲ್ಲ, ಅದೇ ಒಳ್ಳೆಯದಾಯಿತು. ಒಂದು ಗೋಡೆಯ ತುಂಬ ಗಾಜಿನ ಭರಣಿಗಳು. ಒಂದೊಂದರಲ್ಲೂ ಮಣ್ಣು, ಮೇಲೆ ಒಂದು ಹೆಸರು, ಊರು, ತಾರೀಖು. ಗುಂಪು ಕಟ್ಟಿಕೊಂಡು ಬಂದು ಮನುಷ್ಯನನ್ನು ಮರಕ್ಕೆ ನೇತುಹಾಕಿದ ಜಾಗಗಳಿಗೆ ಹೋಗಿ, ಸತ್ತವರ ಮನೆಯವರು, ಊರಿನವರು ಕೈಯಾರೆ ತುಂಬಿ ತಂದ ಮಣ್ಣು ಅದು. ಹೆಸರು ಗೊತ್ತಿಲ್ಲದ ಕಡೆ ಹಾಗೆಂದೇ ಬರೆದಿದ್ದಾರೆ.

ನಾನು ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು, ಹೆಸರಿಗಿಂತ ಮೊದಲು ಮಣ್ಣನ್ನೇ ಓದಿದೆ. ಇದು ಮಸಾರಿ, ಇದು ಮರಳು ಬೆರೆತದ್ದು, ಇದರಲ್ಲಿ ಬೇರಿನ ಎಳೆ ಇದೆ. ಕೆಳಗಿನ ಸಾಲಿನಲ್ಲಿ ಒಂದು ಭರಣಿಯಲ್ಲಿ ಕಪ್ಪನೆ ಮಣ್ಣು, ಒಣಗಿ ಸಣ್ಣ ಸಣ್ಣ ಹೆಂಟೆಯಾಗಿ ಒಡೆದಿತ್ತು. ಎರೆ. ನಮ್ಮ ಹೊಲದ ಮಣ್ಣು ತಂದಿಟ್ಟರೂ ಹೀಗೇ ಕಾಣುತ್ತಿತ್ತು. "ಅವ್ವಾ, ನಡಿ" ಎಂದು ಮಗ ಎರಡು ಸಲ ಕರೆದ.

ಮುಂದಿನ ಕೋಣೆಯಲ್ಲಿ ಹಳೆಯ ಫಲಕಗಳು. ಬಿಳಿಯರಿಗೆ ಮಾತ್ರ, ಬಣ್ಣದವರಿಗೆ ಬೇರೆ ಬಾಗಿಲು, ಬೇರೆ ನೀರು. ಇಲ್ಲಿ ನಾನೊಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಾನು ಸಣ್ಣವಳಿದ್ದಾಗ ನಮ್ಮ ಹೊಲಕ್ಕೆ ಹತ್ತಿ ಬಿಡಿಸಲು ಕೇರಿಯ ಹೆಣ್ಣುಮಕ್ಕಳು ಬರುತ್ತಿದ್ದರು. ನೀರಿನ ಕೊಡ ಬದುವಿನ ಮೇಲೆ ಬೇವಿನ ಗಿಡದ ನೆರಳಿನಲ್ಲಿರುತ್ತಿತ್ತು. ಅವರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು ಬೊಗಸೆ ಒಡ್ಡುತ್ತಿದ್ದರು. ನಾನು ಚರಿಗೆಯಿಂದ ಸುರಿಯುತ್ತಿದ್ದೆ. ಚರಿಗೆ ಬೊಗಸೆಗೆ ತಾಗಬಾರದು, ಸಿಡಿದ ಹನಿಯೂ ಚರಿಗೆಗೆ ಬೀಳಬಾರದು, ಅಷ್ಟು ಎತ್ತರ. ಎಷ್ಟು ಎತ್ತರ ಎಂದು ನನಗೆ ಯಾರೂ ಬಾಯಿ ಬಿಟ್ಟು ಹೇಳಿಕೊಟ್ಟಿರಲಿಲ್ಲ. ಅವ್ವನ ಕೈ ನೋಡಿ ನನ್ನ ಕೈ ಕಲಿತಿತ್ತು. ನಮ್ಮಲ್ಲಿ ಫಲಕ ಬರೆಯುವ ಕೆಲಸವೇ ಇರಲಿಲ್ಲ. ಅವರ ಬೊಗಸೆ ತುಂಬ ಹತ್ತಿಕಾಯಿಯ ಒಣ ಸಿಪ್ಪೆ ಗೀರಿದ ಗಾಯಗಳಿರುತ್ತಿದ್ದವು. ಅದನ್ನು ದಿನಾ ನೋಡುತ್ತಿದ್ದೆ.

ಮಧ್ಯಾಹ್ನ ಗುಡ್ಡದ ಮೇಲಿನ ಸ್ಮಾರಕಕ್ಕೆ ಹೋದೆವು. 2018ರಲ್ಲಿ ತೆರೆದದ್ದು. 1877ರಿಂದ 1950ರವರೆಗೆ ಹೀಗೆ ಕೊಲ್ಲಲ್ಪಟ್ಟ 4,400ಕ್ಕೂ ಹೆಚ್ಚು ಜನರ ಹೆಸರುಗಳು ತುಕ್ಕು ಬಣ್ಣದ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಲ್ಲಿವೆ, ಒಂದು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದಕ್ಕೆ, ಒಂದು ಕಂಬ. ಶುರುವಿನಲ್ಲಿ ಕಂಬಗಳು ನಮ್ಮ ಮುಖದ ಮಟ್ಟಕ್ಕಿರುತ್ತವೆ. ನಡೆಯುತ್ತ ಹೋದಂತೆ ನೆಲ ಇಳಿಯುತ್ತದೆ, ಕಂಬಗಳು ತಲೆಯ ಮೇಲೆ ತೂಗುತ್ತವೆ. ಯಾಕೆ ಕೊಂದರು ಎಂದು ಗೋಡೆಗೆ ಬರೆದಿದ್ದಾರೆ. 1940ರಲ್ಲಿ ಲುವರ್ನ್ ಎಂಬ ಊರಿನಲ್ಲಿ ಜೆಸ್ಸಿ ಥಾರ್ನ್‌ಟನ್ ಎಂಬಾತನನ್ನು ಕೊಂದದ್ದು ಬಿಳಿಯ ಪೊಲೀಸನ ಹೆಸರಿಗೆ 'ಮಿಸ್ಟರ್' ಸೇರಿಸದೆ ಮಾತಾಡಿದ್ದಕ್ಕೆ. ನಮ್ಮ ಕಡೆ ಮಾತಿನ ತುದಿಗೆ 'ರೀ' ಹಚ್ಚದಿದ್ದರೆ ಆಳುಮಗನಿಗೆ ಏನಾಗುತ್ತಿತ್ತು ಎಂದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಜೆ ಡೆಕ್ಸ್ಟರ್ ಅವೆನ್ಯೂ ಹತ್ತಿದೆವು. ಶಾಸನಭವನದ ಮೆಟ್ಟಿಲ ಮೇಲೆ ಒಂದು ಹಿತ್ತಾಳೆಯ ನಕ್ಷತ್ರ. 1861ರ ಫೆಬ್ರವರಿಯಲ್ಲಿ ಜೆಫರ್ಸನ್ ಡೇವಿಸ್ ದಕ್ಷಿಣದ ಒಕ್ಕೂಟದ ಅಧ್ಯಕ್ಷನಾಗಿ ಪ್ರಮಾಣ ಮಾಡಿದ ಜಾಗ ಅದು. 1963ರ ಜನವರಿಯಲ್ಲಿ ಗವರ್ನರ್ ಜಾರ್ಜ್ ವಾಲೆಸ್ ಅದನ್ನೇ ನೆನೆದು ಅಲ್ಲೇ ನಿಂತು, ವರ್ಣಭೇದ ಇವತ್ತಿಗೂ ನಾಳೆಗೂ ಎಂದೆಂದಿಗೂ ಇರಲಿ ಎಂದ. ಅಲ್ಲಿಂದ ಕೆಳಗೆ ಒಂದು ಕಲ್ಲೆಸೆತಕ್ಕೆ ಕೆಂಪು ಇಟ್ಟಿಗೆಯ ಸಣ್ಣ ಚರ್ಚು. 1954ರಲ್ಲಿ ಇಪ್ಪತ್ತೈದರ ಕಿಂಗ್ ಪಾದ್ರಿಯಾಗಿ ಬಂದದ್ದು ಅಲ್ಲಿಗೆ. ಮರುವರ್ಷ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಹೆಣ್ಣುಮಗಳು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ. ಅದಕ್ಕೂ ಒಂಬತ್ತು ತಿಂಗಳು ಮೊದಲು ಹದಿನೈದರ ಹುಡುಗಿ ಕ್ಲಾಡೆಟ್ ಕಾಲ್ವಿನ್ ಕೂಡ ಬಿಡದೆ ಜೈಲಿಗೆ ಹೋಗಿದ್ದಳು.

ಪಾರ್ಕ್ಸ್ ಬಂಧನದ ಮೇಲೆ ಊರಿನ ಕಪ್ಪು ಜನ ಹೂಡಿದ ಬಸ್ ಬಹಿಷ್ಕಾರ 381 ದಿನ ನಡೆಯಿತು. ಅದರಲ್ಲಿ ನನಗೆ ಹತ್ತಿರವಾದವರು ಇಬ್ಬರು ಹೆಣ್ಣುಮಕ್ಕಳು. ಜೋ ಆನ್ ರಾಬಿನ್ಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಪಾರ್ಕ್ಸ್ ಬಂಧನವಾದ ರಾತ್ರಿಯೇ ಕಾಲೇಜಿನ ಸೈಕ್ಲೊಸ್ಟೈಲ್ ಯಂತ್ರದಲ್ಲಿ ಬೆಳಗಾಗುವವರೆಗೆ ಸಾವಿರಗಟ್ಟಲೆ ಕರಪತ್ರ ತೆಗೆದರು. ಬೆಳಿಗ್ಗೆ ಎಂದಿನಂತೆ ಕ್ಲಾಸಿಗೆ ಹೋದರು. ಜಾರ್ಜಿಯಾ ಗಿಲ್ಮೋರ್ ಅಡುಗೆಯವರು. ಕೋಳಿ ಹುರಿದು, ಕೇಕು ಬೇಯಿಸಿ ಮಾರಿ ಚಳವಳಿಗೆ ದುಡ್ಡು ಕೂಡಿಸಿದರು. ತಿಂಡಿ ಮಾಡಿದವರ ಹೆಸರು ಹೊರಗೆ ಬಂದರೆ ಕೆಲಸ ಹೋಗುತ್ತದೆ. ಹಾಗಾಗಿ ತಮ್ಮ ಗುಂಪಿಗೆ ಎಲ್ಲಿಂದಲೂ ಬಾರದವರ ಕ್ಲಬ್ ಎಂದು ಹೆಸರಿಟ್ಟಿದ್ದರು. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ಎಲ್ಲಿಂದಲೂ ಇಲ್ಲ ಅನ್ನಬಹುದಲ್ಲ!

ನಾಲ್ಕನೆಯ ದಿನ: ಎಂಬತ್ತನೆಯ ಹೆದ್ದಾರಿ, ಲೌಂಡ್ಸ್, ಸೆಲ್ಮಾ

ಮಾಂಟ್ಗೊಮರಿಯಿಂದ ಸೆಲ್ಮಾಕ್ಕೆ ಒಂದೇ ತಾಸು. ನಮಗೆ ಇಡೀ ಹಗಲು ಹಿಡಿಯಿತು.

ಊರು ದಾಟಿದ್ದೇ ನೆಲ ಅಲೆಅಲೆಯಾಗಿ ಬಿಚ್ಚಿಕೊಂಡಿತು. ಕೋಟಿಗಟ್ಟಲೆ ವರ್ಷಗಳ ಹಿಂದೆ ಇದು ಸಮುದ್ರದ ತಳವಂತೆ. ಸುಣ್ಣದ ಪದರ ಕೂತು, ಅದರ ಮೇಲೆ ಕಪ್ಪು ಮಣ್ಣಾಯಿತು. ರಾಜ್ಯದ ಅಡ್ಡಕ್ಕೆ ನಡುಪಟ್ಟಿಯ ಹಾಗೆ ಹಾಯ್ದಿರುವುದರಿಂದ ಇದಕ್ಕೆ ಬ್ಲ್ಯಾಕ್ ಬೆಲ್ಟ್ ಎಂದು ಹೆಸರು. ಮೊದಲು ಮಣ್ಣಿನ ಬಣ್ಣಕ್ಕೆ ಹೇಳಿದ ಮಾತು, ಆಮೇಲೆ ಅಲ್ಲಿ ದುಡಿಯುವವರ ಬಣ್ಣಕ್ಕೆ ಅಂಟಿಕೊಂಡಿತು. 1860ರಲ್ಲಿ ಈ ಲೌಂಡ್ಸ್ ಕೌಂಟಿಯ ಜನರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಗುಲಾಮರು.

ಈಗ ಬಹುಪಾಲು ಹುಲ್ಲುಗಾವಲು, ಪೈನ್ ತೋಪು. ಒಂದು ತಿರುವಿನಲ್ಲಿ ಹತ್ತಿ ಹೊಲ ಕಂಡಿತು, ಗಾಡಿ ನಿಲ್ಲಿಸು ಎಂದೆ. ಯಂತ್ರ ಓಡಿ ಹೋಗಿತ್ತು. ಹೊಲದ ಅಂಚಿಗೆ ಹಳದಿ ಪ್ಲಾಸ್ಟಿಕ್ ಸುತ್ತಿದ ಆಳೆತ್ತರದ ಹತ್ತಿ ಉರುಳೆಗಳು. ಗಿಡದಲ್ಲಿ ಉಳಿದಿದ್ದ ಒಂದು ಕಾಯಿ ಬಿಡಿಸಿ ಅರಳೆಯನ್ನು ಎರಡೂ ಕೈಯಿಂದ ಎಳೆದು ನೋಡಿದೆ. ಬೆರಳಿಗೆ ಎಳೆಯ ಉದ್ದ ತಿಳಿಯುತ್ತದೆ. ನಮ್ಮಜ್ಜ ಇದನ್ನು ವಿಲಾಯ್ತಿ ಹತ್ತಿ ಅನ್ನುತ್ತಿದ್ದ, ಜವಾರಿ ಹತ್ತಿ ಬೇರೆ. ವಿಲಾಯ್ತಿ ಅಂದರೆ ಬಂದದ್ದು ಇಂಗ್ಲೆಂಡಿನಿಂದಲ್ಲ, ಈ ನೆಲದಿಂದಲೇ. ಲಂಕಾಶೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕೆಂದು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಯುವವರನ್ನೇ ಭಾರತಕ್ಕೆ ಕರೆಸಿತು. ಎಷ್ಟೋ ಕಡೆ ಸೋತ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರೆಯಲ್ಲಿ ಹಿಡಿಯಿತು. ಧಾರವಾಡ-ಅಮೆರಿಕನ್ ಎಂದೇ ಪೇಟೆಯಲ್ಲಿ ಅದಕ್ಕೆ ಹೆಸರಾಯಿತು. 1861ರಲ್ಲಿ ಇಲ್ಲಿ ಯುದ್ಧ ಹತ್ತಿ ಬಂದರುಗಳು ಮುಚ್ಚಿದಾಗ ನಮ್ಮ ಕಡೆ ಹತ್ತಿಯ ಧಾರಣೆ ಆಕಾಶಕ್ಕೇರಿತು. ಈ ಜನರ ಬಿಡುಗಡೆಯ ಯುದ್ಧ ನಡೆದ ವರ್ಷಗಳೇ ನಮ್ಮ ಸೀಮೆಯ ಹತ್ತಿ ವ್ಯಾಪಾರಕ್ಕೆ ಸುಗ್ಗಿ. ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ನನ್ನ ಕೈಯಲ್ಲೇ ಇತ್ತು.

ಲೌಂಡ್ಸ್‌ನಲ್ಲಿ 1960ರ ದಶಕದಲ್ಲಿ ಹತ್ತರಲ್ಲಿ ಎಂಟು ಜನ ಕಪ್ಪು ವರ್ಣೀಯರಿದ್ದರು. 1965 ಶುರುವಾದಾಗ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಒಬ್ಬರೂ ಇಲ್ಲ! ಹೆಸರು ಬರೆಸಲು ಹೋದ ಮೇಲೆ ಪಾಲಿಗೆ ಹೊಲ ಮಾಡುತ್ತಿದ್ದ ಒಕ್ಕಲುಗಳನ್ನು ಒಡೆಯರು ಮನೆ ಬಿಡಿಸಿದರು. ಮಕ್ಕಳುಮರಿ ಕಟ್ಟಿಕೊಂಡು ಅವರು ಈ ಹೆದ್ದಾರಿಯ ಬದಿಗೆ ಡೇರೆ ಹಾಕಿಕೊಂಡು ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ರಾತ್ರಿ ಕಾರಿನಲ್ಲಿ ಬಂದು ಡೇರೆಗಳ ಮೇಲೆ ಗುಂಡು ಹಾರಿಸುತ್ತಿದ್ದರು. ಆ ಜಾಗದಲ್ಲಿ ಈಗ ಹುಲ್ಲು. ಸ್ವಲ್ಪ ಮುಂದೆ ದಿಬ್ಬದ ಮೇಲೆ ವಯೋಲಾ ಲಿಯುಝೊ ಅವರ ಸ್ಮಾರಕ ಶಿಲೆ. ಡೆಟ್ರಾಯಿಟ್‌ನಿಂದ ಬಂದ ಬಿಳಿಯ ಹೆಣ್ಣುಮಗಳು, ಐದು ಮಕ್ಕಳ ತಾಯಿ. ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದ ಮೆರವಣಿಗೆಗೆ ಬಂದವರನ್ನು ಕಾರಿನಲ್ಲಿ ಮನೆಗೆ ಮುಟ್ಟಿಸುವ ಕೆಲಸದಲ್ಲಿದ್ದಾಗ 1965ರ ಮಾರ್ಚ್ 25ರ ರಾತ್ರಿ ಕ್ಲ್ಯಾನಿನವರು ಕೊಂದರು.

ಅಲಬಾಮದಲ್ಲಿ ಓದುಬರಹ ಬಾರದ ಮತದಾರರಿಗಾಗಿ ಪಕ್ಷಗಳಿಗೆ ಚಿಹ್ನೆ ಇತ್ತು, ನಮ್ಮ ಹಾಗೆಯೇ. ಅಲ್ಲಿಯ ಡೆಮಾಕ್ರಾಟರ ಚಿಹ್ನೆ ಬಿಳಿ ಹುಂಜ, ಅದರ ಜೊತೆಗೆ ಬಿಳಿಯರ ಮೇಲ್ಮೆ ಎಂಬ ಘೋಷಣೆ. ಹೊಸದಾಗಿ ಮತದ ಹಕ್ಕು ಪಡೆದ ಲೌಂಡ್ಸ್‌ನ ಜನ ಆ ಹುಂಜಕ್ಕೆ ಒತ್ತಲು ಒಪ್ಪದೆ ತಮ್ಮದೇ ಪಕ್ಷ ಕಟ್ಟಿದರು. ಚಿಹ್ನೆ ಕರಿ ಚಿರತೆ. 1966ರಲ್ಲಿ ಆ ಚಿರತೆಯನ್ನು ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನ ಯುವಕರು ತೆಗೆದುಕೊಂಡು ಬ್ಲ್ಯಾಕ್ ಪ್ಯಾಂಥರ್ ಎಂದು ಹೆಸರಿಟ್ಟುಕೊಂಡರು. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. ಅದೇ ದಶಕದಲ್ಲಿ ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಿತು. ಎತ್ತು ಮೇಯುತ್ತಿದ್ದ ಆ ಬೀಡಿನಲ್ಲಿ ನಿಂತು ಇದನ್ನು ಮಗನಿಗೆ ಹೇಳಿದೆ. "ಇದೆಲ್ಲ ಇಲ್ಲಿಂದ ಹೊಂಟದ್ದಾ?" ಎಂದು ಸುತ್ತ ನೋಡಿದ.

ಇನ್ನೊಂದು ಸಂಗತಿ ಇಲ್ಲಿಯ ಬೋರ್ಡುಗಳಲ್ಲಿ ಇಲ್ಲ, ಮಣ್ಣಿನಲ್ಲೇ ಇದೆ. ಎರೆಯಲ್ಲಿ ನೀರು ಇಂಗುವುದಿಲ್ಲ. ಹಾಗಾಗಿ ಸಾದಾ ಸೆಪ್ಟಿಕ್ ಗುಂಡಿ ಇಲ್ಲಿ ಕೆಲಸ ಮಾಡುವುದಿಲ್ಲ. ಮಾಡುವಂಥದ್ದಕ್ಕೆ ಬಡವರ ಕೈಗೆ ಎಟುಕದಷ್ಟು ಖರ್ಚು. ಎಷ್ಟೋ ಮನೆಗಳ ಪಾಯಿಖಾನೆಯ ನೀರು ಪೈಪಿನಿಂದ ನೇರ ಹಿತ್ತಿಲಿಗೆ ಬೀಳುತ್ತದೆ. ಕೊಕ್ಕೆಹುಳದ ಬಾಧೆ ಇದೆಯೆಂದು 2017ರ ಒಂದು ಅಧ್ಯಯನ ತೋರಿಸಿತು. 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಇದನ್ನು ಸರಿಪಡಿಸಲು ರಾಜ್ಯದೊಡನೆ ಒಪ್ಪಂದ ಮಾಡಿಕೊಂಡಿತು, 2025ರ ಏಪ್ರಿಲಿನಲ್ಲಿ ಕೈಬಿಟ್ಟಿತು. ಹತ್ತಿಗೆ ಒಳ್ಳೆಯದಾದ ಮಣ್ಣೇ ಹತ್ತಿ ಬಿಡಿಸಿದವರ ಮೊಮ್ಮಕ್ಕಳಿಗೆ ಹೀಗಾಗಿದೆ.

ಸೆಲ್ಮಾ ಮುಟ್ಟಿದಾಗ ಮಧ್ಯಾಹ್ನ ಮೂರು. ಅರ್ಧ ಅಂಗಡಿಗಳು ಮುಚ್ಚಿದ ಪೇಟೆ. ಇಲ್ಲಿ ಹೆಸರು ಬರೆಸುವ ಕಚೇರಿ ತಿಂಗಳಿಗೆ ಎರಡೇ ದಿನ ತೆರೆಯುತ್ತಿತ್ತು. ಮತಕ್ಕೆ ಅರ್ಹರಾದ ಸುಮಾರು 15,000 ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ಕೆಲವೇ ನೂರು. ಸಂವಿಧಾನದ ಸಾಲು ಓದಿಸಿ, ಅರ್ಥ ಕೇಳಿ, ಬಿಳಿಯ ಅಧಿಕಾರಿ ತಪ್ಪು ಎಂದರೆ ತಪ್ಪು. ಎಂ.ಎ. ಮಾಡಿದ ಮಾಸ್ತರರೂ ನಪಾಸು.

1965ರ ಜನವರಿ 22ರಂದು ಆ ಮಾಸ್ತರರೇ ಎದ್ದರು. ಶಾಲೆ ಬಿಟ್ಟ ಮೇಲೆ ನೂರಕ್ಕೂ ಹೆಚ್ಚು ಕಪ್ಪು ಶಿಕ್ಷಕ ಶಿಕ್ಷಕಿಯರು, ಒಳ್ಳೆಯ ಕೋಟು, ಹ್ಯಾಟು, ಕೈಚೀಲದ ಸಮೇತ ಸಾಲಾಗಿ ಕೋರ್ಟಿಗೆ ನಡೆದರು. ಮುಂದೆ ನಡೆಸಿದವರು ಪಾದ್ರಿಯೂ ಶಿಕ್ಷಕರೂ ಆಗಿದ್ದ ಎಫ್. ಡಿ. ರೀಸ್. ಜೈಲಿಗೆ ಹೋಗಲು ಸಿದ್ಧ ಎಂದು ತೋರಿಸಲು ಅವರು ಟೂತ್‌ಬ್ರಶ್ ತಂದಿದ್ದರು, ಕೈಯೆತ್ತಿ ತೋರಿಸಿದರು. ಶೆರಿಫ್ ಜಿಮ್ ಕ್ಲಾರ್ಕ್ ಮೆಟ್ಟಿಲಿನಿಂದ ದೊಣ್ಣೆಯಲ್ಲಿ ನೂಕಿದ, ಮತ್ತೆ ಹತ್ತಿದರು, ಮತ್ತೆ ನೂಕಿದ. ಶಾಲಾ ಮಂಡಳಿಯೆಲ್ಲ ಬಿಳಿಯರದು, ಮರುದಿನ ನೌಕರಿ ಹೋದರೆ ಕೇಳುವವರಿಲ್ಲ. ಸಂಬಳದ ನೌಕರಿ ಎಂದರೆ ಏನು, ಅದನ್ನು ಪಣಕ್ಕಿಡುವುದು ಎಂದರೆ ಏನು ಎಂದು ನನಗೆ ಗೊತ್ತು. ಶಿಕ್ಷಕರು ನಡೆದ ಮೇಲೆ ಹೆಣ ಸಂಸ್ಕಾರದ ಅಂಗಡಿಯವರು ನಡೆದರು, ಕೂದಲು ಸಿಂಗರಿಸುವ ಹೆಂಗಸರು ನಡೆದರು.

ಬ್ರೌನ್ ಚಾಪೆಲ್ ಚರ್ಚಿನ ಎದುರಿನ ಕಟ್ಟೆಯ ಮೇಲೆ ನನ್ನಷ್ಟೇ ವಯಸ್ಸಿನ ಒಬ್ಬ ತಾಯಿ ಕೂತಿದ್ದರು. ನಾನು ಟೀಚರ್ ಆಗಿದ್ದವಳು ಎಂದು ಮಗ ಹೇಳಿದಾಗ ಜಾಗ ಮಾಡಿಕೊಟ್ಟರು. ತಾವು ಆಗ ಸಣ್ಣ ಹುಡುಗಿ, ತಮ್ಮ ಟೀಚರ್ ಆ ಸಾಲಿನಲ್ಲಿದ್ದರು ಎಂದರು. "ಅವರು ವಾಪಸು ಬರುವಾಗ ನಾವು ಮಕ್ಕಳೆಲ್ಲ ಚಪ್ಪಾಳೆ ಹೊಡೆದೆವು. ಅಲ್ಲಿಯವರೆಗೆ ಟೀಚರುಗಳು ನಮಗೆ ಸುಮ್ಮನಿರಿ ಅಂತಲೇ ಹೇಳುತ್ತಿದ್ದರು." ನನ್ನ ಮೂವತ್ತೆರಡು ವರ್ಷಗಳಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿದ್ದೇನೋ!

ಹೊತ್ತು ಇಳಿಯುವಾಗ ಎಡ್ಮಂಡ್ ಪೆಟಸ್ ಸೇತುವೆ ಹತ್ತಿದೆವು. ದಕ್ಷಿಣದ ಸೇನಾಪತಿಯಾಗಿದ್ದು ಆಮೇಲೆ ಸೆನೆಟರ್ ಆದವನ ಹೆಸರು ಉಕ್ಕಿನ ಕಮಾನಿನ ಮೇಲೆ ಇವತ್ತಿಗೂ ಇದೆ. ಸೇತುವೆ ನಡುವೆ ಉಬ್ಬಿಕೊಂಡಿದೆ. ನಡುವನ್ನು ಮುಟ್ಟುವವರೆಗೆ ಆಚೆ ದಡ ಕಾಣುವುದಿಲ್ಲ. 1965ರ ಮಾರ್ಚ್ 7ರಂದು ಜಾನ್ ಲೂಯಿಸ್, ಹೋಸಿಯಾ ವಿಲಿಯಮ್ಸ್ ಮುಂದಾಗಿ ಸುಮಾರು 600 ಜನ ಇಬ್ಬಿಬ್ಬರಾಗಿ ಹತ್ತಿದರು. ಉಬ್ಬು ಮುಟ್ಟಿದಾಗಷ್ಟೇ ಕೆಳಗೆ ಕಾದಿದ್ದ ಪೊಲೀಸರ ಸಾಲು ಕಂಡದ್ದು. ಹಿಂದಿನವರಿಗೆ ಏನೂ ಕಾಣದು. ನಾನು ಆ ಉಬ್ಬಿನಲ್ಲಿ ನಿಂತೆ. ಲಾರಿ ಹೋದಾಗ ಕಾಲ ಕೆಳಗೆ ಸೇತುವೆ ನಡುಗಿತು. ಅವರು ಕಂಡ ಮೇಲೂ ಇಳಿಜಾರಿನಲ್ಲಿ ನಡೆಯುತ್ತಲೇ ಹೋದರು. ಅಶ್ರುವಾಯು, ದೊಣ್ಣೆ, ಕುದುರೆಗಳು. ಎರಡು ವಾರದ ಮೇಲೆ ಮತ್ತೆ ಹೊರಟು 87 ಕಿಲೋಮೀಟರ್ ನಡೆದು ಮಾಂಟ್ಗೊಮರಿಯ ಆ ನಕ್ಷತ್ರದ ಮುಂದೆ ನಿಂತಾಗ 25,000 ಜನರಾಗಿದ್ದರು. ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯ್ದೆ ಬಂತು.

ಐದನೆಯ ದಿನ: ಬರ್ಮಿಂಗ್‌ಹ್ಯಾಮ್, ಡಬಲ್ ಸ್ಪ್ರಿಂಗ್ಸ್

ಬರ್ಮಿಂಗ್‌ಹ್ಯಾಮ್ ಹತ್ತಿಯ ಊರಲ್ಲ, ಕಬ್ಬಿಣದ ಊರು. ಹುಟ್ಟಿದ್ದೇ 1871ರಲ್ಲಿ, ಗುಲಾಮಗಿರಿ ರದ್ದಾದ ಮೇಲೆ. ಆದರೆ ಸಣ್ಣಪುಟ್ಟ ನೆಪಕ್ಕೆ ಕಪ್ಪು ಜನರನ್ನು ಹಿಡಿದು ಕೈದಿಗಳನ್ನಾಗಿ ಮಾಡಿ ಗಣಿಗಳಿಗೆ ಬಾಡಿಗೆ ಕೊಡುವ ಪದ್ಧತಿ ಅಲಬಾಮದಲ್ಲಿ 1928ರವರೆಗೆ ನಡೆಯಿತು. ಹದಿನಾರನೆಯ ಬೀದಿಯ ಚರ್ಚಿನಲ್ಲಿ 1963ರ ಸೆಪ್ಟೆಂಬರ್ 15ರಂದು ಬಾಂಬಿಗೆ ಸತ್ತ ನಾಲ್ವರು ಹುಡುಗಿಯರು: ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್, ಡೆನಿಸ್ ಮ್ಯಾಕ್‌ನೇರ್. ಮೂವರಿಗೆ ಹದಿನಾಲ್ಕು, ಡೆನಿಸ್‌ಗೆ ಹನ್ನೊಂದು. ಅಲ್ಲಿ ನಾವು ಹೆಚ್ಚು ಮಾತಾಡಲಿಲ್ಲ.

ಉತ್ತರಕ್ಕೆ ಹೊರಟು ವಿನ್‌ಸ್ಟನ್ ಕೌಂಟಿಯ ಗುಡ್ಡಗಳನ್ನು ಹತ್ತಿದೆವು. ಕಲ್ಲು ನೆಲ, ತೆಳ್ಳನೆ ಮಣ್ಣು. ಇಲ್ಲಿ ಹತ್ತಿ ಬೆಳೆದು ದೊಡ್ಡವರಾಗುವಂತಿರಲಿಲ್ಲ. 1860ರಲ್ಲಿ ಗುಲಾಮರು ನೂರಕ್ಕೆ ಐದೂ ಇರಲಿಲ್ಲ. 1861ರ ಜನವರಿಯಲ್ಲಿ ಅಲಬಾಮ ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಹೊರಬರುವ ನಿರ್ಣಯಕ್ಕೆ ಸಹಿ ಹಾಕಲು ಈ ಕೌಂಟಿಯ ಪ್ರತಿನಿಧಿ ಒಪ್ಪಲಿಲ್ಲ, ಜೈಲಿಗೆ ಹೋದ. ಕ್ರಿಸ್ಟೊಫರ್ ಶೀಟ್ಸ್, ಇಪ್ಪತ್ತೊಂದು ವರ್ಷದ ಶಾಲಾ ಮಾಸ್ತರ. ಡಬಲ್ ಸ್ಪ್ರಿಂಗ್ಸ್‌ನ ಕೋರ್ಟಿನ ಮುಂದೆ ಒಬ್ಬ ಸೈನಿಕನ ಮೂರ್ತಿಯಿದೆ, ಅರ್ಧ ಮೈ ಉತ್ತರದ ಸಮವಸ್ತ್ರ, ಅರ್ಧ ದಕ್ಷಿಣದ್ದು. ಇವರು ಕಪ್ಪು ಜನರ ಪರವಾಗಿದ್ದರು ಎಂದೇನಲ್ಲ. ಇವರ ಸಿಟ್ಟು ಎರೆ ಸೀಮೆಯ ದೊಡ್ಡ ಒಡೆಯರ ಮೇಲೆ. ಅವರ ಗುಲಾಮರಿಗಾಗಿ ನಾವು ಯಾಕೆ ಸಾಯಬೇಕು ಎಂಬುದು ಇವರ ಲೆಕ್ಕ.

ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ಧರ್ಮ. ಸುಮಾರು ಇನ್ನೂರು ಕಿಲೋಮೀಟರಿನ ಅಂತರದಲ್ಲಿ ಮಣ್ಣು ಬದಲಾದಂತೆ ಮನುಷ್ಯರ ಮಾತು ಬದಲಾಗಿತ್ತು. 1860ರಲ್ಲಿ ಗುಲಾಮರು ಹೆಚ್ಚಾಗಿದ್ದ ಕೌಂಟಿಗಳ ಬಿಳಿಯರಲ್ಲಿ ಕಪ್ಪು ಜನರ ಬಗೆಗಿನ ಬಿಗುವು ಇವತ್ತಿಗೂ ಸುತ್ತಲಿನವರಿಗಿಂತ ಹೆಚ್ಚು ಎಂದು ರಾಜ್ಯಶಾಸ್ತ್ರದ ಅಧ್ಯಾಪಕರು ಸಮೀಕ್ಷೆಗಳಿಂದ ತೋರಿಸಿದ್ದಾರೆ. ಇದನ್ನು ಓದಿ ಹೇಳಿದ ಮಗ, "ನೂರಾ ಅರವತ್ತು ವರ್ಷ ಅದು ಹೆಂಗ ಉಳೀತು ಅವ್ವಾ? ಕಾಯ್ದೆ ಹೋದ್ವು, ಹತ್ತಿ ಹೋತು" ಎಂದ. ನನಗೆ ಚರಿಗೆ ಹಿಡಿದ ಅವ್ವನ ಕೈ ಕಣ್ಣಿಗೆ ಕಟ್ಟಿತು. ಅದನ್ನು ಅವನಿಗೆ ಹೇಳಿದೆ. ಅವನು ಆ ಹೊಲಕ್ಕೆ ಹೋಗಿ ಆಡಿದವನೇ, ಆದರೆ ಈ ಮಾತು ಕೇಳಿದ್ದು ಅದೇ ಮೊದಲು. ಅಟ್ಲಾಂಟಾದವರೆಗೆ ಮತ್ತೆ ಸುಮ್ಮನೆ ಗಾಡಿ ನಡೆಸಿದ.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ, ಊರಲ್ಲಿ ಬೆಳಗಿನ ಏಳು. ತಮ್ಮನ ಹೆಂಡತಿಗೆ ಫೋನ್ ಹಚ್ಚಿದೆ. ಹತ್ತಿ ಬಿಡಿಸಲು ಹೆಣ್ಣಾಳು ಬಂದಿದ್ದಾರೆ, ಹೊಲಕ್ಕೆ ಹೊರಟಿದ್ದೇನೆ ಎಂದಳು.

"ನೀರಿನ ಕೊಡ ಎಲ್ಲಿ ಇಟ್ಟೀಯವಾ?" ಎಂದು ಕೇಳಿದೆ.

"ಕೊಡ ಎಲ್ಲೀದು ಅಕ್ಕಾ? ಈಗ ಯಾರೂ ನಮ್ಮ ನೀರು ಕೇಳಂಗಿಲ್ಲ. ಅವರ ಬಾಟ್ಲಿ ಅವರೇ ತರ್ತಾರ."